ಮಗಳ ಕಾಲೇಜು ಲೈಸೆನ್ಸು, ಅಪ್ಪನ ಆಫೀಸು ಕೆಲಸ

ಓದುಗರ ಪತ್ರ: ಹಾಸನದಲ್ಲಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಿಕೊಡುವ ಕೆಲಸ ನನ್ನದು. ಕಂಪ್ಯೂಟರಿನಲ್ಲಿ ಇನ್ನೂ ಮೈಕ್ರೋಸಾಫ್ಟ್ ಆಫೀಸ್ 2010 ಇದೆ. ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ. ಕಾಲೇಜಿನ ಇಮೇಲ್ ಮೇಲೆ ಅವಳಿಗೆ ಹೊಸ ಆಫೀಸ್ ಪುಕ್ಕಟೆ ಸಿಕ್ಕಿದೆ, ಐದು ಕಂಪ್ಯೂಟರಿಗೆ ಹಾಕಬಹುದಂತೆ. ಒಂದನ್ನು ನನ್ನ ಆಫೀಸಿನಲ್ಲಿ ಹಾಕಿಕೊಂಡರೆ ತಪ್ಪೇನು? ಪಕ್ಕದ ಅಂಗಡಿಯವರು ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ 'ಲೈಫ್‌ಟೈಮ್' ಅಕೌಂಟ್ ತಗೊಂಡಿದ್ದಾರೆ. ಅದಾದರೂ ಆದೀತಾ?

ಸಂಪಾದಕರ ಉತ್ತರ: ಎರಡೂ ಬೇಡ. ನಿಯಮ ಹೇಳುತ್ತೆ ಅನ್ನೋದು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಕಕ್ಷಿದಾರರ ಲೆಕ್ಕಪತ್ರ.

ಮೊದಲು ಮಗಳಿಗೆ ಸಿಕ್ಕಿರುವುದು ಏನು ಅಂತ ನೋಡಿ. ಮೈಕ್ರೋಸಾಫ್ಟ್ ಕಾಲೇಜುಗಳಿಗೆ ಪುಕ್ಕಟೆ ಕೊಡುವ ಪ್ಲಾನಿಗೆ ಎ1 ಅಂತಾರೆ. ಅದರಲ್ಲಿ ವರ್ಡ್, ಎಕ್ಸೆಲ್ ಬ್ರೌಸರಿನಲ್ಲಿ ತೆರೆಯುತ್ತವೆ, ಕಂಪ್ಯೂಟರಿಗೆ ಇನ್‌ಸ್ಟಾಲ್ ಆಗಲ್ಲ. ಎ1 ಪ್ಲಸ್ ಅಂತ ಇನ್ನೊಂದಿತ್ತು, ಇನ್‌ಸ್ಟಾಲ್ ಮಾಡಲು ಬಿಡುತ್ತಿತ್ತು, ಅದನ್ನು 2024ರ ಆಗಸ್ಟಿನಲ್ಲಿ ನಿಲ್ಲಿಸಿದರು. ಈಗ ಐದು ಕಂಪ್ಯೂಟರಿನ ಮಾತು ಬಂದರೆ, ಕಾಲೇಜು ತನ್ನ ಸಿಬ್ಬಂದಿಗೆ ದುಡ್ಡು ಕೊಟ್ಟು ಎ3 ಅಥವಾ ಎ5 ತಗೊಂಡಿದೆ, ಅದರ ಜೊತೆಗೆ ವಿದ್ಯಾರ್ಥಿಗಳಿಗೂ ಸೌಲಭ್ಯ ಬಂದಿದೆ ಅಂತ ಅರ್ಥ. ಐದು ಕಂಪ್ಯೂಟರ್, ಐದು ಟ್ಯಾಬ್, ಐದು ಫೋನ್, ನಿಜ. ಆದರೆ ಐದೂ ಅವಳೊಬ್ಬಳು ಬಳಸಲಿಕ್ಕೆ: ಹಾಸ್ಟೆಲಿನ ಲ್ಯಾಪ್‌ಟಾಪು, ಊರಿಗೆ ಬಂದಾಗ ಮನೆಯ ಕಂಪ್ಯೂಟರು, ಹೀಗೆ. ಮನೆಮಂದಿಗೆಲ್ಲ ಹಂಚಲಿಕ್ಕಲ್ಲ. ಕಾಲೇಜು ಲೈಬ್ರರಿಯ ಪುಸ್ತಕ ಮನೆಗೆ ತರಬಹುದು, ಹಾಗಂತ ಅದರಲ್ಲಿ ಅಂಗಡಿ ಲೆಕ್ಕ ಬರೆಯೋಕಾಗುತ್ತಾ?

ಈಗ ಸುಮ್ನೆ ಊಹಿಸಿ, ನೀವು ಹಾಕಿಯೇ ಬಿಟ್ಟಿರಿ. ಮಗಳ ಇಮೇಲ್, ಪಾಸ್‌ವರ್ಡ್ ಕೊಟ್ಟ ಕೂಡಲೇ ಒಂದು ಕಿಟಕಿ ತೆರೆಯುತ್ತೆ. ಎಲ್ಲ ಆ್ಯಪ್‌ಗಳಲ್ಲೂ ಸೈನ್ ಇನ್ ಆಗಿರಲಾ ಅಂತ ಕೇಳುತ್ತೆ. ಅದರ ಕೆಳಗೆ ಒಂದು ಪುಟ್ಟ ಚೌಕ, 'ನನ್ನ ಸಂಸ್ಥೆ ಈ ಕಂಪ್ಯೂಟರನ್ನು ನಿರ್ವಹಿಸಲಿ' ಅನ್ನೋ ಅರ್ಥದ ಸಾಲು, ಮತ್ತು ಅಲ್ಲಿ ಟಿಕ್ ಮೊದಲೇ ಬಿದ್ದಿರುತ್ತೆ! ಯಾರೂ ಓದಲ್ಲ, ಓಕೆ ಒತ್ತುತ್ತಾರೆ. ಅಲ್ಲಿಗೆ ಹಾಸನದ ನಿಮ್ಮ ಆಫೀಸಿನ ಕಂಪ್ಯೂಟರು ಬೆಂಗಳೂರಿನ ಕಾಲೇಜೊಂದರ ಪಟ್ಟಿಗೆ ಸೇರಿತು. ಕಾಲೇಜಿನ ಐಟಿಯವರು ಹೇಗೆ ಸೆಟ್ ಮಾಡಿದ್ದಾರೋ ಅದರ ಮೇಲೆ, ಪಾಸ್‌ವರ್ಡ್ ನಿಯಮದಿಂದ ಹಿಡಿದು ಇನ್ನೂ ಎಷ್ಟೋ ವಿಷಯ ಅವರ ಕೈಗೆ ಹೋಗಬಹುದು. ಮಗಳ ಲ್ಯಾಪ್‌ಟಾಪಿನಲ್ಲೂ ಈ ಟಿಕ್ ತೆಗೆದು, 'ಈ ಆ್ಯಪ್‌ಗೆ ಮಾತ್ರ' ಅನ್ನೋದನ್ನು ಆರಿಸೋಕೆ ಹೇಳಿ.

ಮುಂದಿನದು ಸೇವ್. ಹೊಸ ಆಫೀಸಿನಲ್ಲಿ ಫೈಲ್ ಸೇವ್ ಮಾಡಲು ಹೋದರೆ ಮೊದಲು ತೋರಿಸುವ ಜಾಗ ಒನ್‌ಡ್ರೈವ್, ಅಂದರೆ ಇಂಟರ್ನೆಟ್ಟಿನಲ್ಲಿರುವ ಮೈಕ್ರೋಸಾಫ್ಟಿನ ಸಂಗ್ರಹ, ಅದೂ ಕಾಲೇಜಿನ ಹೆಸರಿರುವ ಒನ್‌ಡ್ರೈವ್. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ ಹೇಳಿ? ನಿಮ್ಮನ್ನು ನಂಬಿ ಪ್ಯಾನ್ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟ ವ್ಯಾಪಾರಿಗಳ ಶೀಟುಗಳು ಒಂದೊಂದಾಗಿ ಅಲ್ಲಿಗೆ ಹೋಗಿ ಕೂರುತ್ತವೆ. ಆ ಅಕೌಂಟಿನ ಯಜಮಾನರು ಕಾಲೇಜಿನವರು. ಬೇಕೆಂದರೆ ಅಡ್ಮಿನ್, ಅಂದರೆ ಅಕೌಂಟುಗಳನ್ನು ನೋಡಿಕೊಳ್ಳುವವರು, ಅದನ್ನು ತೆರೆಯಬಹುದು, ಮುಚ್ಚಲೂಬಹುದು.

ಮುಚ್ಚುವುದಂತೂ ಖಾತ್ರಿ, ಮಗಳ ಓದು ಮುಗಿಯುತ್ತಲ್ವಾ. ಲೈಸೆನ್ಸ್ ತೆಗೆದ ಮೇಲೆ ಎಕ್ಸೆಲ್ಲಿನ ತಲೆಯ ಮೇಲೆ 'ಅನ್‌ಲೈಸೆನ್ಸ್‌ಡ್ ಪ್ರಾಡಕ್ಟ್' ಅಂತ ಬರುತ್ತೆ, ಫೈಲ್ ತೆರೆದು ನೋಡಬಹುದು, ಪ್ರಿಂಟ್ ತೆಗೆಯಬಹುದು, ಒಂದಂಕಿ ತಿದ್ದಲಾಗದು. ಇಂಟರ್ನೆಟ್ ಕಿತ್ತು ಇಟ್ಟರೆ ಆಯ್ತಲ್ಲ ಅನ್ನಬೇಡಿ, 30 ದಿನಕ್ಕೊಮ್ಮೆಯಾದರೂ ಅದು ಮೈಕ್ರೋಸಾಫ್ಟ್ ಜೊತೆ ಮಾತಾಡಲೇಬೇಕು.

ಪಕ್ಕದ ಅಂಗಡಿಯವರ ಲೈಫ್‌ಟೈಮ್ ಬಗ್ಗೆ ಹೇಳೋದಾದರೆ, ಅವರಿಗೆ ಎಕ್ಸೆಲ್ಲಿನಲ್ಲಿ ಫೈಲ್ ಒತ್ತಿ, ಅಕೌಂಟ್ ಒತ್ತಿ ನೋಡಲು ಹೇಳಿ. ಬಲಗಡೆ ಈ ಆಫೀಸ್ ಯಾರಿಗೆ ಸೇರಿದ್ದು ಅಂತ ಒಂದು ಇಮೇಲ್ ವಿಳಾಸ ಇರುತ್ತೆ. ಎಲ್ಲಿಯದೋ, ಹೆಸರೇ ಕೇಳದ ಶಾಲೆಯದೋ ಸಂಸ್ಥೆಯದೋ ವಿಳಾಸ ಅಲ್ಲಿದ್ದರೆ ಆಶ್ಚರ್ಯ ಬೇಡ. ಹೀಗೆ ಮಾರುವ ಅಕೌಂಟುಗಳಲ್ಲಿ ಎಷ್ಟೋ ಅಂಥವೇ, ಶಿಕ್ಷಣ ಸಂಸ್ಥೆಗಳ ಹೆಸರಿನಲ್ಲಿ ಪಡೆದು ಬಿಡಿಬಿಡಿಯಾಗಿ ಮಾರಿದವು. ಮಗಳ ಕಾಲೇಜು ಯಾವುದು ಅಂತ ನಿಮಗಾದರೂ ಗೊತ್ತು. ಇಲ್ಲಿ ಅಡ್ಮಿನ್ ಯಾರು ಅನ್ನೋದೇ ಅವರಿಗೆ ಗೊತ್ತಿಲ್ಲ.

ಹಾಗಾದರೆ ಏನು ಮಾಡೋದು? ಬೇರೆ ಯಾರಾದರೂ ಕೇಳಿದ್ದರೆ ಲಿಬ್ರೆಆಫೀಸ್ ಹಾಕಿಕೊಳ್ಳಿ, ಪುಕ್ಕಟೆ, ಕನ್ನಡದಲ್ಲೂ ಬರುತ್ತೆ ಅಂತ ಹೇಳಿ ಮುಗಿಸುತ್ತಿದ್ದೆ. ನಿಮಗೆ ಹೇಳೋಕಾಗಲ್ಲ. ಜಿಎಸ್‌ಟಿಯ ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9ರ ಆಫ್‌ಲೈನ್ ಫೈಲಿಗೆ ಮೈಕ್ರೋಸಾಫ್ಟ್ ಎಕ್ಸೆಲ್ಲೇ ಬೇಕು, 2007 ಅಥವಾ ಅದಕ್ಕಿಂತ ಹೊಸದು, ಒಳಗೆಲ್ಲ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಓಡುವ ಪುಟ್ಟ ಪ್ರೋಗ್ರಾಂಗಳು. ನಿಮ್ಮ 2010 ಇಲ್ಲಿವರೆಗೆ ತಳ್ಳಿಕೊಂಡು ಬಂದಿರೋದು ಇದಕ್ಕೇ. ಆದರೆ ಆಫೀಸ್ 2010ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದ್ದು 2020ರ ಅಕ್ಟೋಬರಿನಲ್ಲಿ. ಮ್ಯಾಕ್ರೋ ಫೈಲ್ ಕಂಡ ಕೂಡಲೇ 'ಎನೇಬಲ್' ಒತ್ತುವುದು ನಿಮ್ಮ ಕೆಲಸದವರಿಗೆ ಅಭ್ಯಾಸವಾಗಿಬಿಟ್ಟಿರುತ್ತೆ, ಅಂಥ ಕಡೆ ಅಪ್‌ಡೇಟ್ ಇಲ್ಲದ ಎಕ್ಸೆಲ್ ಇಟ್ಟುಕೊಳ್ಳೋದು ನನಗೆ ಭಯದ ವಿಷಯ.

ನಿಮಗೆ ಸರಿಹೋಗೋದು ಆಫೀಸ್ ಹೋಮ್ ಆ್ಯಂಡ್ ಬಿಸಿನೆಸ್ 2024. ಒಂದೇ ಸಲ ದುಡ್ಡು, ಒಂದು ಕಂಪ್ಯೂಟರು, 2029ರ ಅಕ್ಟೋಬರ್‌ವರೆಗೆ ಅಪ್‌ಡೇಟ್. ವೃತ್ತಿಗೆ ಬಳಸಲು ಅನುಮತಿಯೂ ಇದೆ. ಆರು ಜನ ಬಳಸಬಹುದಾದ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಪ್ಲಾನ್ ಅಗ್ಗ ಅನ್ನಿಸುತ್ತೆ, ಮನೆಗೆ ಚೆನ್ನಾಗಿದೆ ಕೂಡ, ಆದರೆ ಅದು ಸ್ವಂತ ಬಳಕೆಗೆ, ದುಡಿಮೆಗಲ್ಲ. ಬಿಲ್ ನಿಮ್ಮ ಆಫೀಸಿನ ಹೆಸರಲ್ಲೇ ತಗೊಳ್ಳಿ. ಅದು ಖರ್ಚಿಗೆ ಹೇಗೆ ಬರುತ್ತೆ ಅಂತ ನಾನು ನಿಮಗೆ ಹೇಳಿಕೊಡಬೇಕಾ!

ಇನ್ನು ಮಗಳು. ಅವಳು ಕಾಲೇಜಿನದನ್ನು ಧಾರಾಳವಾಗಿ ಬಳಸಲಿ, ಅದು ಅವಳಿಗೆಂದೇ ಕೊಟ್ಟಿದ್ದು. ಕೊನೇ ಸೆಮಿಸ್ಟರ್ ಮುಗಿಯುವ ಮೊದಲೇ ಪ್ರಾಜೆಕ್ಟ್ ರಿಪೋರ್ಟು, ನೋಟ್ಸು, ಫೋಟೋ ಎಲ್ಲ ಇಳಿಸಿಕೊಳ್ಳಲಿ. ಕಾಲೇಜು ಅಕೌಂಟ್ ಅಳಿಸಿದರೆ, ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ಒನ್‌ಡ್ರೈವ್ ಫೈಲುಗಳು ಉಳಿಯೋದು 30 ದಿನ. ಅವಳು ಕೆಲಸದ ಅರ್ಜಿಗೆ, ಲಿಂಕ್ಡ್‌ಇನ್‌ಗೆ ಕಾಲೇಜಿನ ಇಮೇಲನ್ನೇ ಕೊಟ್ಟಿದ್ದಾಳಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಕೊಟ್ಟಿದ್ದರೆ ಈಗಲೇ ಬದಲಿಸಲಿ, ಯಾಕೆಂದರೆ ಇಂಟರ್‌ವ್ಯೂ ಕರೆ ಬರುವುದೂ ಅಲ್ಲಿಗೇ, ಪಾಸ್‌ವರ್ಡ್ ಮರೆತರೆ ಓಟಿಪಿ ಬರುವುದೂ ಅಲ್ಲಿಗೇ.