ಅಗ್ಗದ ಕೀಬೋರ್ಡು, ತುಂಬು ಕಂಠ

ಓದುಗರ ಪತ್ರ: ಕೆನಡಾದ ಕವಿ, ಗಾಯಕ ಲೆನರ್ಡ್ ಕೊಹೆನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿ 1988ರ ‘ಐ ಆಮ್ ಯುವರ್ ಮ್ಯಾನ್’ ಆಲ್ಬಂ ಹುಡುಕಿ ಕೇಳಿದೆ. ಸಾಹಿತ್ಯ ಚೆನ್ನಾಗಿದೆ, ದನಿಯೂ ಗಂಭೀರ. ಆದರೆ ಹಿನ್ನೆಲೆಯಲ್ಲಿರುವುದು ನಮ್ಮೂರ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದ ಕ್ಯಾಸಿಯೋ! ಅಷ್ಟು ದೊಡ್ಡ ಕವಿಗೆ ನಾಲ್ಕು ನಿಜವಾದ ವಾದ್ಯ ಸಿಗಲಿಲ್ಲವೇ? ಅವರು ಒಳ್ಳೆಯ ವಾದ್ಯಗಳ ಜೊತೆ ಹಾಡಿದ್ದು ಏನಾದರೂ ಇದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಆ ಆಲ್ಬಮ್ಮಿನ ಡ್ರಮ್ ಸದ್ದಿನಲ್ಲಿ ಎಂಬತ್ತರ ದಶಕದ ಬಿಗುವು ಇದೆ ಎಂಬುದನ್ನು ಒಪ್ಪುತ್ತೇನೆ. ‘ಜಾಝ್ ಪೊಲೀಸ್’ ಬಂದಾಗ ನಾನೂ ಮುಂದಿನ ಹಾಡಿಗೆ ಹೋಗಿಬಿಡುತ್ತೇನೆ. ಆದರೆ ವಾದ್ಯ ಸಿಗಲಿಲ್ಲವೇ ಎಂದು ಕೇಳಿದಿರಲ್ಲ, ಅಲ್ಲಿ ನಿಮ್ಮ ಜೊತೆ ಜಗಳವಾಡಲೇಬೇಕು.

ವಾದ್ಯಗಳು ಸಿಕ್ಕಿದ್ದವು, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದ್ದವು. 1977ರಲ್ಲಿ ಕೊಹೆನ್ ತಮ್ಮ ಹಾಡುಗಳನ್ನು ಫಿಲ್ ಸ್ಪೆಕ್ಟರ್ ಕೈಗೆ ಕೊಟ್ಟರು. ವಾದ್ಯಗಳನ್ನು ಒಂದರ ಮೇಲೊಂದು ಪೇರಿಸಿ ಸದ್ದಿನ ಗೋಡೆ ಎಬ್ಬಿಸುವುದೇ ಆ ನಿರ್ಮಾಪಕರ ಖ್ಯಾತಿ. ದನಿ, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಕೊನೆಯ ಮಿಕ್ಸಿಂಗನ್ನು ಅವರು ಕೊಹೆನ್‌ರನ್ನು ಹೊರಗಿಟ್ಟೇ ಮುಗಿಸಿದರು. ಕವಿಯ ದನಿ ಗೋಡೆಯ ಹಿಂದೆ ಸಿಕ್ಕಿಕೊಂಡಿತು. ಆ ಫಲಿತಾಂಶದ ಬಗ್ಗೆ ಕೊಹೆನ್ ಬಹಿರಂಗವಾಗಿಯೇ ಬೇಸರಪಟ್ಟರು.

ಅದಾದ ಕೆಲವೇ ವರ್ಷಗಳಲ್ಲಿ ಅವರ ಕೈಗೆ ಒಂದು ಪುಟ್ಟ ಕ್ಯಾಸಿಯೋ ಬಂತು. ಒಂದು ಬೆರಳು ಒತ್ತಿದರೆ ತಾನೇ ತಾಳ ಹಾಕುವ ಯಂತ್ರ. ‘ಡಾನ್ಸ್ ಮಿ ಟು ದಿ ಎಂಡ್ ಆಫ್ ಲವ್’ ಹುಟ್ಟಿದ್ದು ಅದರ ಮೇಲೆ. ಆ ಹಾಡಿರುವ 1984ರ ಆಲ್ಬಂ ‘ವೇರಿಯಸ್ ಪೊಸಿಷನ್ಸ್’. ಕೊಹೆನ್‌ರ ಆಲ್ಬಂಗಳನ್ನು ಹೊರತರುತ್ತಿದ್ದ ಅಮೆರಿಕದ ರೆಕಾರ್ಡ್ ಕಂಪನಿಯ ಮುಖ್ಯಸ್ಥ ವಾಲ್ಟರ್ ಯೆಟ್ನಿಕಾಫ್ ಅದನ್ನು ಅಲ್ಲಿ ಬಿಡುಗಡೆ ಮಾಡಲು ಒಪ್ಪಲಿಲ್ಲ. ‘ನೀನು ದೊಡ್ಡವನೆಂದು ಗೊತ್ತು, ಚೆನ್ನಾಗಿದ್ದೀಯೋ ಇಲ್ಲವೋ ಗೊತ್ತಿಲ್ಲ’ ಎಂಬರ್ಥದ ಮಾತು ಹೇಳಿದರಂತೆ. ಹಾಗೆಂದು ಕೊಹೆನ್ನರೇ ಹೇಳಿಕೊಂಡಿದ್ದಾರೆ. ಇವತ್ತು ಜಗತ್ತಿಡೀ ಹಾಡುವ ‘ಹಲ್ಲೆಲೂಯಾ’ ಇದ್ದದ್ದು ಆ ಬೇಡದ ಆಲ್ಬಮ್ಮಿನಲ್ಲೇ.

ಆ ಕಾಲದ ಅಗ್ಗದ ಡಿಜಿಟಲ್ ಕೀಬೋರ್ಡುಗಳ ಸದ್ದು ಯಾಕೆ ಹಾಗಿತ್ತು? ಮೆಮೊರಿ ಚಿಪ್ ದುಬಾರಿ. ನಿಜವಾದ ಪಿಟೀಲಿನ ನಾದವನ್ನು ಮುದ್ರಿಸಿ ಒಳಗಿಡಲು ಜಾಗವಿರಲಿಲ್ಲ. ಯಂತ್ರ ಲೆಕ್ಕ ಹಾಕಿ ಅಲೆಯೊಂದನ್ನು ಕಟ್ಟಿಕೊಡುತ್ತಿತ್ತು. ಹಾಗಾಗಿ ಸದ್ದು ತೆಳು, ಅಂಚು ಸ್ಪಷ್ಟ, ಒಡಲು ಖಾಲಿ. ನೀವು ಕೊರತೆ ಎಂದಿರಿ. ನಾನು ಅದನ್ನು ಜಾಗ ಎನ್ನುತ್ತೇನೆ. ಐವತ್ತು ದಾಟಿದ ಕೊಹೆನ್‌ರ ಕಂಠ ಪಾತಾಳಕ್ಕಿಳಿದಿತ್ತು. ತುಂಬಿದ ವಾದ್ಯಮೇಳ ಅದರ ಮೇಲೆ ಮಣ್ಣು ಮುಚ್ಚುತ್ತಿತ್ತು, ತೆಳು ಕೀಬೋರ್ಡು ದಾರಿ ಬಿಟ್ಟಿತು.

ನೀವು ಕೇಳಿದ ‘ಐ ಆಮ್ ಯುವರ್ ಮ್ಯಾನ್’ ಆಲ್ಬಮ್ಮಿನ ಕೊನೆಯ ಹಾಡು ‘ಟವರ್ ಆಫ್ ಸಾಂಗ್’ ಅನ್ನು ಇನ್ನೊಮ್ಮೆ ಹಾಕಿ. ಯಂತ್ರದ ತಾಳ ಏರುವುದಿಲ್ಲ, ಇಳಿಯುವುದಿಲ್ಲ. ಹಿಂದೆ ಜೆನಿಫರ್ ವಾರ್ನ್ಸ್‌ರ ದನಿ. ನಡುವೆ ಒಂದು ಕೀಬೋರ್ಡ್ ಸೋಲೋ. ಸಂಗೀತದ ಪಾಠಕ್ಕೆ ಈಗಷ್ಟೇ ಸೇರಿದ ಮಗುವೂ ನುಡಿಸಬಹುದಾದ ಸ್ವರಗಳು. ಒಂದೊಂದು ಸ್ವರದ ನಡುವೆಯೂ ಮನುಷ್ಯನೊಬ್ಬ ಯೋಚಿಸುತ್ತಿರುವುದು ಕೇಳಿಸುತ್ತದೆ. ಇಂಥ ಧೈರ್ಯ ಎಷ್ಟು ಜನ ಪಂಡಿತರಿಗಿದೆ?

ಅಗ್ಗದ ವಾದ್ಯವನ್ನು ಕೀಳಾಗಿ ಕಾಣುವ ಈ ಚಾಳಿ ನಮ್ಮಲ್ಲಿ ಹೊಸದಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಗಮಕ ಬರುವುದಿಲ್ಲ, ಶ್ರುತಿ ಸರಿಯಿಲ್ಲ, ಪರದೇಶದ್ದು ಎಂಬ ದೂರುಗಳು. ಟ್ಯಾಗೋರರೂ ವಿರೋಧಿಗಳ ಸಾಲಿನಲ್ಲಿದ್ದರು. 1971ರ ಹೊತ್ತಿಗೆ ಬಿಗಿ ಸಡಿಲವಾಯಿತು. ಅಷ್ಟರಲ್ಲಿ ನಮ್ಮ ಕಂಪನಿ ನಾಟಕಗಳು, ಭಜನೆ ಮನೆಗಳು ಆ ಪೇಟಿಯನ್ನು ಬಿಟ್ಟು ಬದುಕಲಿಲ್ಲ. ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆಯವರು ಜೀವಮಾನವಿಡೀ ಅದನ್ನು ನುಡಿಸಿ, ಬಯ್ದವರ ಬಾಯಿ ಮುಚ್ಚಿಸಿದರು. ಮೈಸೂರು ಅನಂತಸ್ವಾಮಿಯವರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕವಿತೆ ಎತ್ತಿಕೊಂಡರೆ ಒಂದಕ್ಷರವೂ ಕಳೆದುಹೋಗುತ್ತಿರಲಿಲ್ಲ.

ಈಗ ನೋಡಿ. ಈಚೆಗೆ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಭಾವಗೀತೆಯ ಮಿಕ್ಸಿಂಗ್ ನಡೆಯುವಾಗ ಕೂತಿದ್ದೆ. ಪರದೆಯ ತುಂಬ ಟ್ರ್ಯಾಕುಗಳು: ವಯಲಿನ್ ಗುಂಪು, ಕೊಳಲು, ಸಿತಾರ್, ಎಲ್ಲದರ ಮೇಲೆ ಪ್ಯಾಡ್, ಅಂದರೆ ಎಳೆದು ಹರಡುವ ಮೋಡದಂಥ ಕೀಬೋರ್ಡ್ ಸದ್ದು. ಗಾಯಕಿ ‘ಮಳೆ’ ಎಂದದ್ದು ‘ಮಲೆ’ ಎಂದು ಕೇಳುತ್ತಿತ್ತು. ವಯಲಿನ್ ಸ್ವಲ್ಪ ಇಳಿಸಿ ಎಂದೆ. ‘ಖಾಲಿ ಅನ್ನಿಸುತ್ತೆ ಸಾರ್’ ಅಂದರು. ಆ ವಯಲಿನ್ನೂ ಯಾರೋ ಕೂತು ನುಡಿಸಿದ್ದಲ್ಲ, ಕಂಪ್ಯೂಟರಿನಲ್ಲಿ ಕೂಡಿಟ್ಟ ತುಣುಕು. ಅಂದರೆ ನಿಮ್ಮ ‘ನಿಜವಾದ ವಾದ್ಯ’ದ ವೇಷ ಹಾಕಿದ ಯಂತ್ರ. ಕೊಹೆನ್‌ರ ಕೀಬೋರ್ಡು ವೇಷ ಹಾಕಲಿಲ್ಲ. ತಾನು ಯಂತ್ರವೆಂದೇ ಕೇಳಿಸಿತು. ಖಾಲಿಯೆಂದರೆ ಇಷ್ಟು ಹೆದರುವವರು ಕವಿತೆಯ ತಂಟೆಗೆ ಯಾಕೆ ಬರುತ್ತಾರೋ! ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲೂ ಇದೇ ಪಾಡು: ಕವಿಯ ಸಾಲು ಮುಗಿಯುವ ಮುನ್ನವೇ ಕೀಬೋರ್ಡಿನವರು ಅದರ ಮೇಲೆ ಬಂದು ಬೀಳುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇದೆ. 2009ರಲ್ಲಿ ಬಂದ ‘ಲೈವ್ ಇನ್ ಲಂಡನ್’ ಕೇಳಿ. ಹಿಂದಿನ ವರ್ಷ, ತಮ್ಮ 73ರ ವಯಸ್ಸಿನಲ್ಲಿ ಕೊಹೆನ್ ಕೊಟ್ಟ ಕಛೇರಿ ಅದು. ಹ್ಯಾಮಂಡ್ ಆರ್ಗನ್ ಇದೆ, ಹಾವಿಯರ್ ಮಾಸ್‌ರ ಸ್ಪ್ಯಾನಿಷ್ ತಂತಿವಾದ್ಯಗಳಿವೆ, ನಿಮಗೆ ಖುಷಿಯಾಗುತ್ತದೆ. ಅಷ್ಟು ಜನ ನುರಿತ ವಾದಕರು ಪಕ್ಕದಲ್ಲಿದ್ದರೂ ‘ಟವರ್ ಆಫ್ ಸಾಂಗ್’ ಬಂದಾಗ ಕೊಹೆನ್ ಕೀಬೋರ್ಡಿನ ಸೋಲೋವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಾವೇ ನುಡಿಸಿದರು, ಸಭೆ ಚಪ್ಪಾಳೆ ತಟ್ಟಿತು. ಆ ಎರಡೂ ರೂಪಗಳನ್ನು ಒಂದರ ಬೆನ್ನಿಗೊಂದು ಕೇಳಿ, ಮತ್ತೆ ಪತ್ರ ಬರೆಯಿರಿ. ನಿಮ್ಮ ಅಭಿಪ್ರಾಯ ಬದಲಾಗದಿದ್ದರೂ ಪ್ರಕಟಿಸುತ್ತೇವೆ.