‘ಆಗಲೇ ಗೊತ್ತಾಗಬೇಕಿತ್ತು’ ಎನ್ನುವ ಮಗಳು

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೌನ್ಸೆಲಿಂಗ್‌ಗೆಂದು ನನ್ನ ಬಳಿ ಬಂದ ಈಕೆ ಹೈಸ್ಕೂಲ್ ಟೀಚರ್. ತಂದೆ ತೀರಿಕೊಂಡು ಐದು ತಿಂಗಳಾಗಿತ್ತು. ನಿದ್ದೆ ಇಲ್ಲ, ಊಟ ಸೇರಲ್ಲ, ಪಾಠದ ಮಧ್ಯೆ ಮಾತೇ ನಿಂತುಬಿಡುತ್ತದೆ. ಬಂದು ಕೂತವರೇ ಹೇಳಿದರು: “ಅಪ್ಪನ್ನ ನಾನೇ ಸಾಯಿಸಿದೆ ಮೇಡಂ.”

ಆ ರಾತ್ರಿ ಅಪ್ಪ ಎದೆ ಉರಿ ಎಂದಿದ್ದರು. ಗ್ಯಾಸ್ ತೊಂದರೆ ಹಳೆಯದು. ಮಗಳು ಜೀರಿಗೆ ನೀರು ಕೊಟ್ಟರು. ಬೆಳಗಿನ ಜಾವ ಹಾರ್ಟ್ ಅಟ್ಯಾಕ್ ಆಯಿತು. ತಿಥಿಯ ದಿನ ಸೋದರತ್ತೆ ಎಲ್ಲರೆದುರು, “ಮುಖ ನೋಡಿದ್ರೇ ಗೊತ್ತಾಗ್ತಿರಲಿಲ್ವೇನೇ?” ಅಂದರು.

“ತಪ್ಪು ನಿಂದಲ್ಲ” ಎಂದು ಮನೆಯವರು ಹೇಳಿ ಸಾಕಾಗಿತ್ತು. ನಾನೂ ಅದನ್ನೇ ಹೇಳಿದ್ದರೆ ಉಪಯೋಗವಿರಲಿಲ್ಲ. ಆ ದಿನ ಕಂಡದ್ದನ್ನು ಮಾತ್ರ ಒಂದೊಂದಾಗಿ ಹೇಳಿ, ಬೆಳಗ್ಗೆ ಆದದ್ದು ಬೇಡ ಎಂದೆ. ಮಧ್ಯಾಹ್ನ ಮದುವೆ ಊಟ, ಹೋಳಿಗೆ, ಬೋಂಡಾ. ಎಂಟಕ್ಕೆ ಉರಿ ಶುರು. ಹಿಂದಿನ ತಿಂಗಳೂ ಹೀಗೇ ಆಗಿ ಜೀರಿಗೆ ನೀರಿಗೇ ಸರಿಹೋಗಿತ್ತು. ಒಂಬತ್ತಕ್ಕೆ ತೇಗು ಬಂತು, “ಹಗುರಾಯ್ತು ಮಗಾ” ಎಂದು ಟೀವಿ ನೋಡಿ ಮಲಗಿದರು. “ತುಂಬಾ ಬೆವರಿದ್ದರು ಅನ್ಸುತ್ತೆ…” ಎಂದು ಮಗಳು ತಡೆದರು. “ಅದು ಆಗ ಕಂಡದ್ದಾ, ಆಮೇಲೆ ಸೇರಿಕೊಂಡದ್ದಾ?” ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಗೊತ್ತಾಗ್ತಿಲ್ಲ” ಅಂದರು.

ಇದನ್ನು ಮನಃಶಾಸ್ತ್ರದಲ್ಲಿ ಹೈಂಡ್‌ಸೈಟ್ ಬಯಾಸ್ ಅಂತಾರೆ. ಕೊನೆ ಗೊತ್ತಾದ ಮೇಲೆ ಅದು ಮೊದಲೇ ಕಾಣುತ್ತಿತ್ತು ಅನ್ನಿಸುವುದು. 1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಸಂಶೋಧಕರು 1814ರ ಬ್ರಿಟಿಷ್–ಗೂರ್ಖಾ ಯುದ್ಧದ ವಿವರವನ್ನು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಬ್ರಿಟಿಷರು ಗೆದ್ದರು ಎಂದರು, ಕೆಲವರಿಗೆ ಗೂರ್ಖರು ಗೆದ್ದರು ಎಂದರು. ಯಾರಿಗೆ ಯಾವ ಕೊನೆ ಹೇಳಿದ್ದರೋ ಅವರಿಗೆ ಅದೇ ಆಗುವ ಸಾಧ್ಯತೆ ಜಾಸ್ತಿ ಇತ್ತು ಅನ್ನಿಸಿತು. ಓದಿದ್ದು ಮಾತ್ರ ಒಂದೇ ವಿವರ. ಸೋದರತ್ತೆಗೂ ಆದದ್ದು ಇದೇ. ಅವರು ಕೆಟ್ಟವರಲ್ಲ, ಅಣ್ಣನನ್ನು ಕಳೆದುಕೊಂಡವರು. ಆದರೆ ಅಂಥ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ಸುಡುತ್ತಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಒಂದು ನೋಟ್‌ಬುಕ್ ಇಡಿ ಎಂದೆ. ಎಡಪುಟದಲ್ಲಿ ಆ ರಾತ್ರಿ ಗೊತ್ತಿದ್ದದ್ದು, ಬಲಪುಟದಲ್ಲಿ ಆಮೇಲೆ ಗೊತ್ತಾದದ್ದು. ‘ಗೊತ್ತಾಗಬೇಕಿತ್ತು’ ಎಂದು ಮನಸ್ಸು ಚುಚ್ಚಿದಾಗ ಅದು ಯಾವ ಪುಟಕ್ಕೆ ಸೇರಿದ್ದು ಎಂದು ನೋಡಿ ಬರೆಯಬೇಕು. ಇದರಿಂದ ದುಃಖ ಹೋಗಲ್ಲ. ಹೋಗಬೇಕಾಗಿಯೂ ಇಲ್ಲ, ಅಪ್ಪ ಅಲ್ವಾ? ಕೊಲೆಗಾರಳು ನಾನು ಎನ್ನುವ ಭಾವನೆ ಕಡಿಮೆಯಾದರೆ ಅಳುವುದಕ್ಕಾದರೂ ಜಾಗ ಸಿಗುತ್ತದೆ.

ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿಸಿದೆ. ನಿದ್ದೆಗಾಗಿ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಹೃದಯಾಘಾತ ಎಷ್ಟೋ ಸಲ ಗ್ಯಾಸ್ ಥರವೇ ಇರುತ್ತದೆ. ಇದನ್ನೂ ಮುಚ್ಚಿಡಲಿಲ್ಲ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇವೆ. ಅವರಿಗೆ ಎದೆ ಉರಿ, ಎದೆ ಭಾರ, ಸುಮ್ಮನೆ ಬೆವರು ಬಂದರೂ ಮನೆಮದ್ದು ಬೇಡ, 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ ಎಂದೆ. ಇದು ಬಲಪುಟದ ಮೊದಲ ಸಾಲಾಗಲಿ, ಅಪ್ಪನ ಆ ರಾತ್ರಿಯನ್ನು ಇದರಿಂದ ಅಳೆಯಬೇಡಿ ಎಂದೂ ಹೇಳಿದೆ.