ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ, ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ನೋವು. ಏನು ಮಾಡಲಿ?

ಹುಬ್ಬಳ್ಳಿ ದುರ್ಗದಬೈಲಿನಲ್ಲಿ ದಿನಕ್ಕೆ ಹತ್ತು ತಾಸು ನಿಲ್ಲುತ್ತೀರಿ, ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಕಡಿಮೆ ಅಂತೀರಿ. ಇದು ಬಹುಶಃ ಪ್ಲಾಂಟಾರ್ ಫ್ಯಾಸಿಯೈಟಿಸ್. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇರುತ್ತದೆ, ನಿಂತು ನಿಂತು ಅದು ದಣಿಯುತ್ತದೆ, ರಾತ್ರಿ ಬಿಗಿಯುತ್ತದೆ, ಎದ್ದಾಗ ಒಮ್ಮೆಲೇ ಎಳೆಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂದರೆ ಹೆದರಬೇಡಿ, ನೋವಿಲ್ಲದವರಲ್ಲೂ ಅದು ಕಾಣುತ್ತದೆ.

ಚಪ್ಪಲಿ ಹೊರಗೆ ಬಿಟ್ಟು ಗ್ರಾನೈಟ್ ಮೇಲೆ ಬರಿಗಾಲಲ್ಲಿ ನಿಲ್ತೀರಿ ಅಲ್ವಾ? ಮೊದಲು ಅದನ್ನು ನಿಲ್ಲಿಸಿ. ಒಳಗೆ ಹಾಕಲು ಮೆತ್ತನೆ ಚಪ್ಪಲಿ, ಇಲ್ಲವೇ ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಬೇಕೇ ಬೇಕು.

ಹಾಸಿಗೆಯಿಂದ ಇಳಿಯುವ ಮುಂಚೆ ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯಿರಿ, 10 ಸಲ. ರಾತ್ರಿ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಡಿ ಉರುಳಿಸಿ. ವಾಸಿಯಾಗಲು ತಿಂಗಳುಗಳೇ ಬೇಕು, ಸುಮ್ನೆ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ. ಊತ, ಜೋಮು, ಜ್ವರ ಇದ್ದರೆ ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.

ಗಿರಾಕಿ ಇಲ್ಲದಾಗ ಕೂರಲು ಸ್ಟೂಲ್ ಕೇಳುವುದರಲ್ಲಿ ಸಂಕೋಚ ಬೇಡ. ಅಂಗಡಿ ಕೆಲಸಗಾರರಿಗೆ ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಂದಿವೆ.